ಪಾಠಶಾಲೆಯ ಸುದ್ದಿ ಮತ್ತು ಮನೆಯ ಹಕ್ಕು

ಕುಂದಾಪುರದಿಂದ ಉತ್ತರಕ್ಕೆ ಹೋಗುವ ಹೆದ್ದಾರಿಯಲ್ಲಿ ಕೊಲ್ಲೂರಿನ ಮಾರ್ಗವು ಕವಲೊಡೆಯುವ ಸ್ಥಳವೇ ಹೆಮ್ಮಾಡಿ. ಮಕರ ಸಂಕ್ರಮಣವು ಸಮೀಪಿಸಿದಾಗ ಇಲ್ಲಿಯ ಗದ್ದೆಗಳಲ್ಲಿ ಅರಳುವ ಸೇವಂತಿಗೆಯು ಮಾರಣಕಟ್ಟೆಯ ಜಾತ್ರೆಗೆ ಹೋಗುವುದೆಂಬುದನ್ನು ಜಿಲ್ಲೆಯವರೆಲ್ಲರೂ ಬಲ್ಲರು. ವರ್ಷದ ಉಳಿದ ದಿನಗಳಲ್ಲಿ ಬೆಳಗಿನ ಹೊತ್ತು ಆ ಕವಲಿನಲ್ಲಿ ನಿಂತವರ ಕಣ್ಣಿಗೆ ಬೀಳುವವರು ಬೆನ್ನಿಗೆ ಚೀಲ ಕಟ್ಟಿಕೊಂಡ ಮಕ್ಕಳು. ಅವರಲ್ಲಿ ಕೆಲವರು ಸರಕಾರದ ಶಾಲೆಗಳಿಗೆ, ಕೆಲವರು ಖಾಸಗಿ ಮಂಡಳಿಗಳ ಶಾಲೆಗಳಿಗೆ, ಮತ್ತೆ ಕೆಲವರು ಕುಂದಾಪುರ, ತ್ರಾಸಿ, ಗಂಗೊಳ್ಳಿಗಳಲ್ಲಿ ಕಥೋಲಿಕ ಕ್ರೈಸ್ತರು ನಡೆಸುವ ಶಾಲೆಗಳಿಗೆ ಹೋಗತಕ್ಕವರು.

ಒಂದು ಮಳೆಗಾಲದ ಸಂಜೆ ನಾವು ಆ ಕವಲಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆವು. ವೃದ್ಧೆಯೊಬ್ಬಳು ಮೊಮ್ಮಗನನ್ನು ಕೈಹಿಡಿದು ನಡೆಸಿಕೊಂಡು ಬಂದು, ಸೆರಗಿನ ಗಂಟಿನಿಂದ ಮೊಬೈಲನ್ನು ತೆಗೆದು ನಮ್ಮ ಮುಂದೆ ಹಿಡಿದಳು. "ಅಯ್ಯ, ಇದ್ರಗೆ ಎಂತ ಬರ್ದಿರ್ ಕಾಣಿ. ನಾಳಿಗ್ ಶಾಲಿ ಇತ್ತಾ ಇಲ್ಯಾ?" ಎಂದು ಕೇಳಿದಳು. ಮಗನು ಮುಂಬಯಿಯಲ್ಲಿ, ಸೊಸೆಯು ಗೇರುಬೀಜದ ಕಾರ್ಖಾನೆಯಿಂದ ಇನ್ನೂ ಮರಳಿರಲಿಲ್ಲ. ಓದಿ ನೋಡಿದೆವು. ಶಾಲೆಯಿಂದ ಬಂದ ಸುದ್ದಿಯು ಮೊದಲಿನಿಂದ ಕೊನೆಯವರೆಗೆ ಇಂಗ್ಲಿಷಿನಲ್ಲಿತ್ತು. ಶಾಲೆ ಇದೆ, ಆದರೆ ಮಕ್ಕಳನ್ನು ಕರೆದೊಯ್ಯುವ ವಾಹನವು ದುರಸ್ತಿಯಲ್ಲಿರುವುದರಿಂದ ಮರುದಿನ ಬರುವುದಿಲ್ಲ, ಪೋಷಕರು ತಮ್ಮ ಏರ್ಪಾಡನ್ನು ತಾವೇ ಮಾಡಿಕೊಳ್ಳತಕ್ಕದ್ದು ಎಂಬುದೇ ಅದರ ಸಾರಾಂಶ. ನಾವು ಆ ಕವಲಿನಲ್ಲಿ ಇರದೆ ಹೋಗಿದ್ದರೆ ಆಕೆಯು ಮರುದಿನ ಬೆಳಿಗ್ಗೆ ಮಗುವಿನೊಡನೆ ಮಳೆಯಲ್ಲಿ, ಬಾರದ ವಾಹನಕ್ಕಾಗಿ, ಹೆದ್ದಾರಿಯ ಅಂಚಿನಲ್ಲಿ ನಿಂತಿರುತ್ತಿದ್ದಳು. ಶಾಲೆಯ ಹೆಸರನ್ನು ನಾವು ಹೇಳುವುದಿಲ್ಲ. ಅದು ಯಾವ ಮತದವರದೆಂದೂ ಹೇಳುವುದಿಲ್ಲ. ಇಂತಹ ಸುದ್ದಿಗಳು ನಮ್ಮ ಕರಾವಳಿಯ ಎಷ್ಟೋ ಶಾಲೆಗಳಿಂದ ಎಷ್ಟೋ ಮನೆಗಳಿಗೆ ಹೀಗೆಯೇ ಹೋಗುತ್ತಿರುವುವು.

ಇದೊಂದು ಅಲ್ಪ ಸಂಗತಿಯೆಂದು ನಮ್ಮ ವಾಚಕರಲ್ಲಿ ಕೆಲವರು ಹೇಳಬಹುದು. ದೇಶದಲ್ಲಿ ದೊಡ್ಡ ದೊಡ್ಡ ಪ್ರಶ್ನೆಗಳು ಬಗೆಹರಿಯದೆ ನಿಂತಿರುವಾಗ ಶಾಲೆಯ ಚೀಟಿಯ ವಿಚಾರವನ್ನು ಸಂಪಾದಕೀಯಕ್ಕೆ ಏರಿಸುವುದೇತಕ್ಕೆ ಎಂದೂ ಕೇಳಬಹುದು. ನಮ್ಮ ಅಭಿಪ್ರಾಯವು ಬೇರೆ. ಆರು ವರ್ಷದ ಮಗುವನ್ನು ದಿನಕ್ಕೆ ಏಳೆಂಟು ಗಂಟೆಗಳ ಕಾಲ ಪರರ ವಶಕ್ಕೆ ಒಪ್ಪಿಸುವ ತಾಯಿಗೆ, ಆ ಮಗುವು ಎಲ್ಲಿದೆ, ಯಾರೊಡನೆ ಹೋಯಿತು, ಏನು ಕಲಿತಿತು, ಯಾವಾಗ ಮರಳುವುದು ಎಂಬುದನ್ನು ತಿಳಿಯುವ ಹಕ್ಕಿದೆ. ಆ ಹಕ್ಕನ್ನು ಸಲ್ಲಿಸುವ ಸಾಧನವೇ ಶಾಲೆಯ ಸುದ್ದಿ. ಅದು ಮನೆಯವರು ಓದಲಾರದ ಭಾಷೆಯಲ್ಲಿದ್ದರೆ ಹಕ್ಕು ಸಂದಂತಾಗಲಿಲ್ಲ. ಕಥೋಲಿಕ ಶಾಲೆಗಳನ್ನು ಇಲ್ಲಿ ವಿಶೇಷವಾಗಿ ಎತ್ತಿಕೊಳ್ಳುವುದಕ್ಕೆ ಕಾರಣವುಂಟು. ಅವುಗಳ ಮೇಲೆ ನಮಗೆ ದ್ವೇಷವಿಲ್ಲ. ಈ ಕೆಲಸವನ್ನು ಎಲ್ಲರಿಗಿಂತ ಮೊದಲು ಮತ್ತು ಎಲ್ಲರಿಗಿಂತ ಚೆನ್ನಾಗಿ ಮಾಡಬಲ್ಲವರು ಅವರೇ ಎಂಬ ನಂಬಿಕೆಯುಂಟು.

ಚರಿತ್ರೆಯನ್ನು ಸ್ವಲ್ಪ ನೆನೆಯೋಣ. ಕುಂದಾಪುರದ ರೋಜರಿ ಮಾತೆಯ ಇಗರ್ಜಿಯು 1570ರಷ್ಟು ಹಳೆಯದು. ಮಂಗಳೂರಿಗೆ 1870ರಲ್ಲಿ ಅಪೋಸ್ತಲಿಕ ಕಾರ್ಮೆಲ್ ಸಭೆಯ ಕನ್ಯಾಸ್ತ್ರೀಯರು ಬಂದು ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕೆ ಕೈಹಾಕಿದರು. 1878ರ ಕೊನೆಗೆ ಜೆಸುಯಿಟ್ ಪಾದ್ರಿಗಳು ಬಂದರು. 1880ರಲ್ಲಿ ಸಂತ ಎಲೋಶಿಯಸ್ ಕಾಲೇಜು ಹುಟ್ಟಿತು. ಆಮೇಲೆ ಕರಾವಳಿಯಲ್ಲಿ ಇಗರ್ಜಿ ಇದ್ದಲ್ಲೆಲ್ಲ ಅದರ ಮಗ್ಗುಲಲ್ಲಿ ಒಂದು ಪ್ರಾಥಮಿಕ ಶಾಲೆಯು ಏಳುವುದು ವಾಡಿಕೆಯಾಯಿತು. ಆ ಶಾಲೆಗಳಲ್ಲಿ ಬಹುಕಾಲ ಪಾಠವು ಕನ್ನಡದಲ್ಲೇ ನಡೆಯಿತು. ಮನೆಯಲ್ಲಿ ಕೊಂಕಣಿಯನ್ನಾಡುವ ಕ್ರೈಸ್ತ ಬಾಲಕನೂ ಕುಂದಗನ್ನಡವನ್ನಾಡುವ ಮೊಗವೀರ, ಬಿಲ್ಲವ, ಬಂಟ ಬಾಲಕರೂ ಒಂದೇ ಬೆಂಚಿನಲ್ಲಿ ಕುಳಿತು ಒಂದೇ ಅಕ್ಷರಮಾಲೆಯನ್ನು ತಿದ್ದಿದರು. ಈ ಉಪಕಾರವನ್ನು ಮರೆತರೆ ನಾವು ಕೃತಘ್ನರಾಗುವೆವು. ಪತ್ರಿಕಾವೃತ್ತಿಯವರಾದ ನಾವಂತೂ ಇನ್ನೊಂದನ್ನು ಮರೆಯಲಾಗದು. ಕನ್ನಡದ ಮೊದಲನೆಯ ವೃತ್ತಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಹೊರಡಿಸಿದವರು ಬಾಸೆಲ್ ಮಿಶನ್ನಿನ ಪಾದ್ರಿ ಹೆರ್ಮನ್ ಮೋಗ್ಲಿಂಗರು. ಅವರು ಕಥೋಲಿಕರಲ್ಲ, ಪ್ರಾಟೆಸ್ಟಂಟರು. ಹಾಗಿದ್ದರೂ ಜನರಿಗೆ ಸುದ್ದಿಯನ್ನು ಜನರ ಭಾಷೆಯಲ್ಲಿ ಕೊಡತಕ್ಕದ್ದೆಂಬ ಪಾಠವನ್ನು ಈ ಕರಾವಳಿಗೆ ಮೊದಲು ಕಲಿಸಿದವರು ಕ್ರೈಸ್ತ ಪಾದ್ರಿಗಳೇ ಎಂಬ ಮಾತು ಸುಳ್ಳಾಗದು.

ಈಗಿನ ಸ್ಥಿತಿಯೇನು? ಕನ್ನಡ ಮಾಧ್ಯಮದ ಅನುದಾನಿತ ಶಾಲೆಗಳಲ್ಲಿ ಮಕ್ಕಳ ಸಂಖ್ಯೆಯು ವರ್ಷೇ ವರ್ಷೇ ಇಳಿದು, ಹಲವು ಶಾಲೆಗಳು ಬಾಗಿಲು ಮುಚ್ಚಿದುವು. ಅವುಗಳ ಪಕ್ಕದಲ್ಲಿಯೇ ಇಂಗ್ಲಿಷ್ ಮಾಧ್ಯಮದ ಶಾಲೆಗಳು ಎದ್ದುವು. ಇದಕ್ಕಾಗಿ ಪಾದ್ರಿಗಳನ್ನೊಬ್ಬರನ್ನೇ ದೂರುವುದು ನ್ಯಾಯವಲ್ಲ. ಬೇಡಿದವರು ಪೋಷಕರು, ಎಲ್ಲ ಮತದ, ಎಲ್ಲ ಜಾತಿಯ ಪೋಷಕರು. 2019ರಲ್ಲಿ ಸರಕಾರವು ತಾನೇ ಒಂದು ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳನ್ನು ತೆರೆಯಹೊರಟ ಮೇಲೆ ಯಾರು ಯಾರನ್ನು ದೂರುವುದು? ಮಾಧ್ಯಮದ ವಾದವನ್ನು ನಾವು ಇಂದು ಎತ್ತುವುದಿಲ್ಲ. ಪಾಠದ ಭಾಷೆ ಬೇರೆ, ಸುದ್ದಿಯ ಭಾಷೆ ಬೇರೆ ಎಂಬಷ್ಟೇ ನಮ್ಮ ಮಾತು. ಪಾಠವು ಮಗುವಿಗೆ, ಅದರ ಭಾಷೆಯನ್ನು ಮಗುವಿನ ಮುಂದಿನ ಕಾಲವನ್ನು ನೋಡಿ ಆರಿಸಿದರು. ಸುದ್ದಿಯು ಮನೆಗೆ, ಅದರ ಭಾಷೆಯನ್ನು ಮನೆಯ ಇಂದಿನ ಸ್ಥಿತಿಯನ್ನು ನೋಡಿ ಆರಿಸತಕ್ಕದ್ದು. ಇಂಗ್ಲಿಷ್ ಶಾಲೆಯೆಂಬ ಕಾರಣಕ್ಕೆ ಅಜ್ಜಿಗೂ ಇಂಗ್ಲಿಷಿನಲ್ಲಿಯೇ ಬರೆಯುವೆವೆಂದರೆ ಅದು ಹಟವೇ ಹೊರತು ವಿವೇಕವಲ್ಲ.

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯ ಮನೆಗಳನ್ನು ಬಲ್ಲವರಿಗೆ ಈ ಮಾತಿನ ತೂಕವು ತಿಳಿಯುವುದು. ಮುಂಬಯಿಯ, ಬೆಂಗಳೂರಿನ ಹೋಟೆಲುಗಳಲ್ಲಿಯೂ, ಕೊಲ್ಲಿಯ ದೇಶಗಳಲ್ಲಿಯೂ, ಮೀನಿನ ದೋಣಿಗಳಲ್ಲಿಯೂ ದುಡಿಯುವ ಗಂಡಸರ ಊರುಗಳಿವು. ಶಾಲೆಯ ದಾಖಲೆಯಲ್ಲಿ ಬರೆಯಿಸಿದ ಮೊಬೈಲಿನ ಸಂಖ್ಯೆಯು ಎಷ್ಟೋ ಸಲ ದೂರದೂರಿನ ತಂದೆಯದು. ಇಂಗ್ಲಿಷಿನ ಸುದ್ದಿಯು ದುಬಾಯಿಗೆ ಒಂದು ಕ್ಷಣದಲ್ಲಿ ಮುಟ್ಟುವುದು. ಮಗುವಿನ ತಲೆಬಾಚಿ ಕಳುಹಿಸುವ ಅಜ್ಜಿಗೆ, ಒಂದೇ ಸೂರಿನ ಕೆಳಗೆ ಇದ್ದರೂ, ಮುಟ್ಟದು. ತಂದೆಯು ಕೆಲಸದ ನಡುವೆ ನೋಡಿದಾಗ ಇಲ್ಲಿ ಹೊತ್ತು ಮೀರಿರುವುದು. ಹೆಮ್ಮಾಡಿಯ ಸೇವಂತಿಗೆ ಬೆಳೆಯುವವರನ್ನು ಕೇಳಿ ನೋಡಿರಿ, ಸಂಕ್ರಮಣದ ಮರುದಿನ ಕೊಯ್ದ ಹೂವಿಗೆ ಬೆಲೆಯೆಷ್ಟೆಂದು. ಹೊತ್ತು ಮೀರಿ ಬಂದ ಸುದ್ದಿಯ ಬೆಲೆಯೂ ಅಷ್ಟೇ.

ಮತ್ತು ಬರುವ ಸುದ್ದಿಯಾದರೂ ಎಂತಹದು? ವಾಟ್ಸಾಪಿನ ಗುಂಪಿನಲ್ಲಿ ನಾವು ಕಂಡ ಮಟ್ಟಿಗೆ, ಶುಲ್ಕದ ಕಂತಿನ ಜ್ಞಾಪನೆ, ಸಮವಸ್ತ್ರದ ಬಣ್ಣ, ವಾರ್ಷಿಕೋತ್ಸವದ ಭಾವಚಿತ್ರಗಳು, ಬಹುಮಾನ ಪಡೆದ ನಾಲ್ಕು ಮಕ್ಕಳ ಹೆಸರುಗಳು, ಇವೇ ಹೆಚ್ಚು. ಕೆಲವೆಡೆ ಬಾಕಿದಾರರ ಹೆಸರನ್ನೂ ಎಲ್ಲರ ಕಣ್ಣಿಗೆ ಬೀಳುವಂತೆ ಹಾಕುವರೆಂದು ಕೇಳಿದ್ದೇವೆ; ಇದು ಸಭ್ಯತೆಗೆ ಸಲ್ಲದು. ಬಹುಮಾನ ಬಾರದ ಮೂವತ್ತಾರು ಮಕ್ಕಳು ಈ ತಿಂಗಳು ಏನನ್ನು ಕಲಿತರು, ಎಲ್ಲಿ ಹಿಂದೆ ಬಿದ್ದರು, ಮನೆಯವರು ಮಾಡಬೇಕಾದುದೇನು ಎಂಬ ಮಾತು ಅಪೂರ್ವ. ನಾವು ಪಾಠಶಾಲೆಯಲ್ಲಿ ಓದುತ್ತಿದ್ದಾಗ ಮಾಸ್ತರರು ಸಂಜೆಯ ಹೊತ್ತು ದಾರಿಯಲ್ಲಿ ಹೋಗುತ್ತ ನಮ್ಮ ಜಗಲಿಯಲ್ಲಿ ಒಂದು ಗಳಿಗೆ ಕುಳಿತು, ಬೆಲ್ಲ ನೀರು ಕುಡಿದು, "ನಿಮ್ಮ ಹುಡುಗನಿಗೆ ಭಾಗಾಕಾರ ಬಾರದು, ದಿನಕ್ಕೆ ನಾಲ್ಕು ಲೆಕ್ಕ ಮಾಡಿಸಿ" ಎಂದು ತಾಯಿಗೆ ಹೇಳಿ ಹೋಗುತ್ತಿದ್ದರು. ಆ ರಾತ್ರಿ ನಮಗಾದ ಸಂಕಟವು ಇಂದಿಗೂ ನೆನಪಿದೆ. ಆದರೆ ಭಾಗಾಕಾರವು ಬಂದಿತು.

ಮಳೆಯ ವಿಚಾರವನ್ನು ನೋಡೋಣ. ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ ಬೀಳುವ ಜಿಲ್ಲೆ ನಮ್ಮದು. ಜೂನಿನಿಂದ ಸೆಪ್ಟೆಂಬರಿನವರೆಗೆ ಯಾವ ದಿನ ಹೊಳೆ ಉಕ್ಕುವುದೋ, ಯಾವ ದಿನ ಜಿಲ್ಲಾಧಿಕಾರಿಗಳು ರಜೆ ಸಾರುವರೋ ಹೇಳಬರುವಂತಿಲ್ಲ. ರಜೆಯ ಆದೇಶವು ಕೆಲವು ಸಲ ರಾತ್ರಿ, ಕೆಲವು ಸಲ ಬೆಳಿಗ್ಗೆ ಹೊರಡುವುದು. ಅದರ ಜೊತೆಗೆ ಸುಳ್ಳು ಆದೇಶಗಳನ್ನು ಹಬ್ಬಿಸಿದ ಪ್ರಸಂಗಗಳೂ ನಡೆದಿವೆ. ಇಂತಹ ಬೆಳಗಿನಲ್ಲಿ, ಶಾಲೆಯ ಮುಖ್ಯೋಪಾಧ್ಯಾಯರ ಹೆಸರಿನಲ್ಲಿ, ಎಂದಿನ ಒಂದೇ ಸ್ಥಳದಿಂದ, "ಇಂದು ಶಾಲೆಯಿಲ್ಲ" ಎಂಬ ಎರಡು ಕನ್ನಡ ಮಾತುಗಳು ಬಂದರೆ ಸಾಕು. ಸಂಕದ ಮೇಲೆ ಹಳ್ಳ ದಾಟಬೇಕಾದ ಎಷ್ಟೋ ಮಕ್ಕಳು ಮನೆಯಲ್ಲಿ ಉಳಿಯುವರು.

ದಾರಿಯ ವಿಚಾರವು ಇದಕ್ಕಿಂತಲೂ ಘೋರವಾದುದು. 2016ರ ಜೂನ್ 21ರ ಬೆಳಿಗ್ಗೆ ತ್ರಾಸಿಯ ಸಮೀಪ ಮೊವಾಡಿ ಕ್ರಾಸಿನಲ್ಲಿ, ಕಥೋಲಿಕ ಶಾಲೆಗೆ ಮಕ್ಕಳನ್ನು ಕರೆದೊಯ್ಯುತ್ತಿದ್ದ ಓಮ್ನಿ ವಾಹನಕ್ಕೂ ಖಾಸಗಿ ಬಸ್ಸಿಗೂ ಡಿಕ್ಕಿಯಾಗಿ ಎಂಟು ಮಕ್ಕಳು ಪ್ರಾಣಬಿಟ್ಟರು. ಇನ್ನೂ ಹಲವರು ಗಾಯಗೊಂಡರು. ಆ ಸಣ್ಣ ವಾಹನದಲ್ಲಿ ಹತ್ತಕ್ಕೂ ಹೆಚ್ಚು ಮಕ್ಕಳಿದ್ದರು. ಮಳೆಗಾಲದ ಆ ದಿನವನ್ನು ಈ ಸೀಮೆಯ ಯಾರೂ ಮರೆತಿಲ್ಲ. ಯಾವ ಮತದವನೂ ಅಂದು ಒಲೆ ಹಚ್ಚುವ ಮನಸ್ಸಿನಲ್ಲಿರಲಿಲ್ಲ. ತಪ್ಪು ಯಾರದೆಂದು ತೀರ್ಮಾನಿಸುವುದು ನ್ಯಾಯಸ್ಥಾನಕ್ಕೆ ಸೇರಿದ ಕೆಲಸ. ಆ ಗಾಯವನ್ನು ಕೆದಕುವುದು ನಮ್ಮ ಉದ್ದೇಶವಲ್ಲ. ಶಾಲೆಯ ಬಸ್ಸಿನಲ್ಲಿ ಮಕ್ಕಳನ್ನು ನೋಡಿಕೊಳ್ಳಲು ತಕ್ಕ ಒಬ್ಬರು ಇರತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು 1997ರಷ್ಟು ಹಿಂದೆಯೇ ಅಪ್ಪಣೆ ಮಾಡಿತ್ತು. ಆದರೆ ಹಳ್ಳಿಯ ಮಕ್ಕಳಲ್ಲಿ ಅನೇಕರು ಶಾಲೆಯ ಬಸ್ಸಿನಲ್ಲಿ ಹೋಗುವುದಿಲ್ಲ. ನಾಲ್ಕಾರು ಮನೆಯವರು ಕೂಡಿ ಗೊತ್ತುಮಾಡಿಕೊಂಡ ಓಮ್ನಿ, ರಿಕ್ಷಾಗಳಲ್ಲಿ ಹೋಗುವರು. ಇಂತಹ ವಾಹನವು ಶಾಲೆಯದಲ್ಲವೆಂದು ಶಾಲೆಯು ಹೇಳುವುದು. ಶಾಲೆಯ ಮಕ್ಕಳನ್ನೇ ತುಂಬಿಕೊಂಡು ಹೋಗುವುದರಿಂದ ಶಾಲೆಗೆ ತಿಳಿದೇ ಇರಬಹುದೆಂದು ಮನೆಯವರು ಎಣಿಸುವರು. ಈ ಎರಡು ಊಹೆಗಳ ನಡುವಣ ಕತ್ತಲೆಯಲ್ಲಿ ಮಗುವು ಪ್ರಯಾಣ ಮಾಡುವುದು. ಯಾವ ಮಗು ಯಾವ ವಾಹನದಲ್ಲಿ ಬರುವುದು, ಅದರ ಚಾಲಕನಾರು, ಎಷ್ಟು ಆಸನ, ಎಷ್ಟು ಮಕ್ಕಳು ಎಂಬ ಪಟ್ಟಿಯನ್ನು ವರ್ಷಾರಂಭದಲ್ಲಿಯೇ ಸಿದ್ಧಪಡಿಸಿ, ಆಯಾ ವಾಹನದ ಮಕ್ಕಳ ಮನೆಗಳಿಗೆ ಕನ್ನಡದಲ್ಲಿ ಕಳುಹಿಸಿದರೆ, ಆಸನವನ್ನು ಮೀರಿ ಮಕ್ಕಳನ್ನು ತುಂಬಿದ ದಿನವೇ ಯಾವಳಾದರೂ ತಾಯಿಯು ಎದ್ದು ಕೇಳುವಳು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದಕ್ಕಿಂತ ಇದು ಮೇಲಲ್ಲವೆ?

ಇನ್ನು ಕಾನೂನೇನು ಹೇಳುವುದೆಂಬುದನ್ನು ವಿಚಾರಿಸೋಣ. ನಮ್ಮ ವಾಚಕರಲ್ಲಿ ಅಧಿಕಾರಿಗಳೂ ವಕೀಲರೂ ಇರುವುದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳುವೆವು. ಕರ್ನಾಟಕದ ಸರಕಾರಿ ಶಾಲೆಗಳಲ್ಲಿ ಪೋಷಕರನ್ನೊಳಗೊಂಡ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು 2001ರಿಂದ ಏರ್ಪಟ್ಟವು. 2009ರ ಶಿಕ್ಷಣ ಹಕ್ಕು ಅಧಿನಿಯಮವು 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಅನುದಾನ ಪಡೆಯದ ಖಾಸಗಿ ಶಾಲೆಗಳನ್ನು ಬಿಟ್ಟು ಉಳಿದ ಶಾಲೆಗಳಲ್ಲಿ ಆಡಳಿತ ಸಮಿತಿಯೊಂದು ಇರತಕ್ಕದ್ದು, ಅದರ ಸದಸ್ಯರಲ್ಲಿ ಮುಕ್ಕಾಲು ಪಾಲು ಮಂದಿ ಪೋಷಕರಾಗಿರತಕ್ಕದ್ದು, ಅರ್ಧದಷ್ಟು ಸ್ತ್ರೀಯರಿರತಕ್ಕದ್ದು ಎಂದು ಅದರ 21ನೆಯ ಪ್ರಕರಣವು ವಿಧಿಸಿತು. 2012ರ ತಿದ್ದುಪಡಿಯು ಅನುದಾನಿತ ಶಾಲೆಗಳಲ್ಲಿಯೂ ಅಲ್ಪಸಂಖ್ಯಾತರ ಶಾಲೆಗಳಲ್ಲಿಯೂ ಈ ಸಮಿತಿಗೆ ಸಲಹೆ ಕೊಡುವ ಅಧಿಕಾರವನ್ನು ಮಾತ್ರ ಉಳಿಸಿತು. ಬಳಿಕ 2014ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಾಧೀಶರ ಪೀಠವು ಪ್ರಮತಿ ಟ್ರಸ್ಟಿನ ಮೊಕದ್ದಮೆಯಲ್ಲಿ, ಈ ಅಧಿನಿಯಮವು ಅಲ್ಪಸಂಖ್ಯಾತರ ಶಾಲೆಗಳಿಗೆ, ಅವು ಅನುದಾನ ಪಡೆಯಲಿ ಪಡೆಯದಿರಲಿ, ಅನ್ವಯಿಸಲಾಗದೆಂದು ತೀರ್ಪಿತ್ತಿತು. ಈ ತೀರ್ಪು ಸರಿಯೆ ಎಂಬ ಸಂದೇಹವನ್ನು 2025ರ ಸೆಪ್ಟೆಂಬರ್ 1ರಂದು ಅದೇ ನ್ಯಾಯಾಲಯದ ಇಬ್ಬರು ನ್ಯಾಯಾಧೀಶರು ವ್ಯಕ್ತಪಡಿಸಿ, ವಿಷಯವನ್ನು ದೊಡ್ಡ ಪೀಠಕ್ಕೆ ಒಪ್ಪಿಸುವ ಸಲುವಾಗಿ ಮುಖ್ಯ ನ್ಯಾಯಾಧೀಶರ ಮುಂದಿಟ್ಟರು.

ಅದೇ 2014ರ ಮೇ 6ರಂದು, ಅದೇ ನ್ಯಾಯಾಲಯವು, ಕರ್ನಾಟಕ ಸರಕಾರದ ಭಾಷಾ ಮೊಕದ್ದಮೆಯಲ್ಲಿ ಇನ್ನೊಂದು ತೀರ್ಪನ್ನಿತ್ತಿತು. ಪ್ರಾಥಮಿಕ ಶಾಲೆಯಲ್ಲಿ ಮಗುವು ಯಾವ ಮಾಧ್ಯಮದಲ್ಲಿ ಕಲಿಯಬೇಕೆಂಬುದನ್ನು ಸರಕಾರವು ಬಲಾತ್ಕಾರದಿಂದ ಹೇರಕೂಡದು, ಮಗುವಿನ ಪರವಾಗಿ ತಾಯಿತಂದೆಗಳು ಆರಿಸಬಹುದು ಎಂಬುದೇ ಅದರ ತಾತ್ಪರ್ಯ. ಈ ಎರಡು ತೀರ್ಪುಗಳನ್ನು ಮಗ್ಗುಲಲ್ಲಿಟ್ಟು ಓದಿದರೆ ಒಂದು ವಿಚಿತ್ರವು ಕಾಣುವುದು. ಒಂದು ತೀರ್ಪು ಆರಿಸುವ ಅಧಿಕಾರವನ್ನು ಪೋಷಕರ ಕೈಗೆ ಕೊಟ್ಟಿತು; ಇನ್ನೊಂದು ತೀರ್ಪಿನಿಂದ, ಆರಿಸಿದ ಶಾಲೆಯು ಅಲ್ಪಸಂಖ್ಯಾತರದಾದರೆ, ಅದರ ಸಮಿತಿಯಲ್ಲಿ ಕುಳಿತು ಕೇಳುವ ಕಾನೂನಿನ ದಾರಿಯು ಮುಚ್ಚಿತು. ಆಯ್ಕೆಯು ಅರ್ಥವುಳ್ಳದ್ದಾಗಬೇಕಾದರೆ ಆರಿಸುವವನಿಗೆ ಸಂಗತಿಯು ಗೊತ್ತಿರತಕ್ಕದ್ದು. ಕಣ್ಣು ಕಟ್ಟಿ ಸಂತೆಗೆ ಕಳುಹಿಸಿ, ಬೇಕಾದುದನ್ನು ಆರಿಸಿಕೋ ಎಂದರೆ ಏನು ಫಲ? ಆದುದರಿಂದ ಸಮಿತಿಯಿಲ್ಲದ ಶಾಲೆಯಲ್ಲಿ ಮನೆಗೆ ಉಳಿಯುವ ಒಂದೇ ಒಂದು ಕಿಟಕಿಯು ಶಾಲೆಯ ಸುದ್ದಿ. ಆ ಕಿಟಕಿಯನ್ನೂ ತಿಳಿಯದ ಭಾಷೆಯ ಪರದೆಯಿಂದ ಮುಚ್ಚುವುದು ಸಲ್ಲದು.

ಅಲ್ಪಸಂಖ್ಯಾತರ ಹಕ್ಕನ್ನು ಕುಗ್ಗಿಸಬೇಕೆಂದು ನಾವು ಹೇಳುತ್ತಿರುವೆವೆಂದು ಯಾರೂ ಭಾವಿಸಬಾರದು. ಸಂವಿಧಾನದ 30ನೆಯ ಅನುಚ್ಛೇದವು ರಾಷ್ಟ್ರವು ತನ್ನ ಮಕ್ಕಳಲ್ಲಿ ಕೆಲವರಿಗೆ ಕೊಟ್ಟ ಮಾತು. ಕೊಟ್ಟ ಮಾತಿಗೆ ತಪ್ಪುವ ರಾಷ್ಟ್ರಕ್ಕೆ ಗೌರವವಿಲ್ಲ. ಶಾಲೆಯನ್ನು ನಡೆಸುವ ಸ್ವಾತಂತ್ರ್ಯವು ಅವರಿಗೆ ಇರಲಿ. ಸರಕಾರದ ಕೈಯಲ್ಲಿ ಇನ್ನೊಂದು ಕೋಲನ್ನು ಕೊಡೆಂದು ನಾವು ಬೇಡುವುದಿಲ್ಲ. ಕಾನೂನು ಎಲ್ಲಿ ಸುಮ್ಮನಿರುವುದೋ ಅಲ್ಲಿ ಮರ್ಯಾದೆಯು ಮಾತನಾಡಬೇಕೆಂಬುದಷ್ಟೇ ನಮ್ಮ ವಿಜ್ಞಾಪನೆ.

ಮತ್ತು ನಮ್ಮ ವಿಜ್ಞಾಪನೆಗೆ ಆಧಾರವು ಅವರ ಧರ್ಮಸಭೆಯ ಗ್ರಂಥಗಳಲ್ಲಿಯೇ ಇದೆ. 1962ರಿಂದ 1965ರವರೆಗೆ ರೋಮಿನಲ್ಲಿ ನೆರೆದ ಎರಡನೆಯ ವ್ಯಾಟಿಕನ್ ಮಹಾಸಭೆಯು, 1965ರ ಅಕ್ಟೋಬರ್ 28ರ ಶಿಕ್ಷಣ ಘೋಷಣೆಯಲ್ಲಿ, ಮಕ್ಕಳ ಮೊದಲನೆಯ ಮತ್ತು ಮುಖ್ಯರಾದ ಶಿಕ್ಷಕರು ತಾಯಿತಂದೆಗಳೇ ಎಂದು ಸಾರಿತು. 1983ರ ಧರ್ಮಸಭಾ ಸಂಹಿತೆಯ 796ನೆಯ ಸೂತ್ರವು ಇನ್ನೂ ಸ್ಪಷ್ಟ. ತಾಯಿತಂದೆಗಳು ಶಾಲೆಯ ಉಪಾಧ್ಯಾಯರೊಡನೆ ಸಹಕರಿಸಬೇಕು. ಉಪಾಧ್ಯಾಯರು ತಾಯಿತಂದೆಗಳ ಮಾತಿಗೆ ಸಂತೋಷದಿಂದ ಕಿವಿಗೊಡಬೇಕು. ಅವರ ಸಂಘಗಳನ್ನೂ ಸಭೆಗಳನ್ನೂ ಏರ್ಪಡಿಸಿ ಅವಕ್ಕೆ ಹೆಚ್ಚಿನ ಬೆಲೆ ಕೊಡಬೇಕು ಎಂಬುದೇ ಅದರ ವಿಧಿ. ದಿಲ್ಲಿಯ ಅಧಿನಿಯಮವು ಕಡ್ಡಾಯ ಮಾಡಲಾರದುದನ್ನು ರೋಮಿನ ಸಂಹಿತೆಯು ಈಗಾಗಲೇ ಕಡ್ಡಾಯ ಮಾಡಿದೆ. ಕಥೋಲಿಕ ಶಾಲೆಯ ಆಡಳಿತದವರು ಸರಕಾರಕ್ಕೆ ಹೆದರಿ ಇದನ್ನು ಮಾಡಬೇಕಾಗಿಲ್ಲ. ತಮ್ಮ ಧರ್ಮಸಭೆಯ ಮಾತನ್ನು ನಡೆಸಿದರೆ ಸಾಕು.

ಭಾಷೆಯ ವಿಷಯದಲ್ಲಿಯೂ ಹೀಗೆಯೇ. ಎಷ್ಟೋ ಶತಮಾನಗಳಿಂದ ಲ್ಯಾಟಿನಿನಲ್ಲಿ ನಡೆದು ಬಂದ ಪೂಜಾವಿಧಿಗೆ ಜನರ ಭಾಷೆಗಳನ್ನು ಬಳಸಬಹುದೆಂದು ಅದೇ ಮಹಾಸಭೆಯು 1963ರ ಡಿಸೆಂಬರಿನಲ್ಲಿ ಒಪ್ಪಿತು. ಆ ಬಳಿಕ ನಮ್ಮ ಕರಾವಳಿಯ ಇಗರ್ಜಿಗಳಲ್ಲಿ ಕೊಂಕಣಿಯೂ ಕನ್ನಡವೂ ಬಲಿಪೀಠದವರೆಗೆ ಏರಿದುವು. ದೇವರೊಡನೆ ಆಡುವ ಮಾತೇ ಮನೆಯ ಭಾಷೆಯಲ್ಲಿ ಆಗಬಹುದಾದರೆ, ಅಜ್ಜಿಯೊಡನೆ ಆಡುವ ಮಾತು ಆಗಲಾರದೆ? ಮತ್ತು ಕರ್ನಾಟಕದ ಕಥೋಲಿಕರು ಕೊಂಕಣಿಯನ್ನು ಬರೆಯುವುದು, ಓದುವುದು ಕನ್ನಡ ಲಿಪಿಯಲ್ಲಿ. ಮಂಗಳೂರಿನಲ್ಲಿ 1938ರಲ್ಲಿ ಹುಟ್ಟಿದ 'ರಾಕ್ಣೊ' ವಾರಪತ್ರಿಕೆಯು ಕನ್ನಡ ಲಿಪಿಯಲ್ಲಿಯೇ ಅಚ್ಚಾಗುತ್ತ ಬಂದುದು. 2012ರಲ್ಲಿ ಮಂಗಳೂರಿನಿಂದ ಬೇರೆಯಾಗಿ ಏರ್ಪಟ್ಟ ಉಡುಪಿ ಧರ್ಮಪ್ರಾಂತ್ಯದಲ್ಲಿಯೂ ಭಾನುವಾರದ ಪ್ರಕಟಣೆಯನ್ನು ಮನೆಯವರ ಭಾಷೆಯಲ್ಲಿ ಓದುವುದನ್ನೂ, ವಾಳೆಯ ಗುರಿಕಾರರು ಮನೆಮನೆಗೆ ಸುದ್ದಿ ಮುಟ್ಟಿಸುವುದನ್ನೂ ನಾವು ಕಂಡಿದ್ದೇವೆ. ಮದುವೆಯ ಚೀಟಿಯನ್ನು ಊರೆಲ್ಲರಿಗೂ ತಿಳಿಯುವಂತೆ ಓದಿ ಹೇಳುವ ಪದ್ಧತಿಯುಳ್ಳ ಸಮಾಜಕ್ಕೆ, ಸುದ್ದಿ ಮುಟ್ಟಿಸುವ ಕಲೆಯನ್ನು ನಾವು ಕಲಿಸಬೇಕಾಗಿಲ್ಲ. ಇಗರ್ಜಿಯ ಬಾಗಿಲಿನಲ್ಲಿ ಮಾಡುವುದನ್ನು ಶಾಲೆಯ ಬಾಗಿಲಿನಲ್ಲಿಯೂ ಮಾಡಲೆಂಬುದೇ ಪ್ರಾರ್ಥನೆ.

ಇದಕ್ಕೆ ಬರುವ ಆಕ್ಷೇಪಗಳನ್ನು ನಾವು ಬಲ್ಲೆವು. "ಇಂಗ್ಲಿಷ್ ಶಾಲೆಯೆಂದು ಶುಲ್ಕ ಕೊಟ್ಟು ಸೇರಿಸಿದ ಪೋಷಕರೇ ಕನ್ನಡದ ಚೀಟಿಯನ್ನು ಕಂಡು ಮೂಗು ಮುರಿಯುವರು" ಎಂದು ಒಬ್ಬ ಆಡಳಿತದವರು ನಮ್ಮೊಡನೆ ಹೇಳಿದರು. ಇದರಲ್ಲಿ ಸತ್ಯವಿಲ್ಲದಿಲ್ಲ. ಅಕ್ಷರವನ್ನು ಅರಿಯದಿದ್ದರೂ ಇಂಗ್ಲಿಷಿನ ಚೀಟಿಯನ್ನು ಹೆಮ್ಮೆಯಿಂದ ಗೂಡಿನಲ್ಲಿಡುವ ಮನೆಗಳುಂಟು. ಇಂಗ್ಲಿಷನ್ನು ಬಿಡಿರೆಂದು ನಾವು ಹೇಳಲಿಲ್ಲ. ಅದರ ಕೆಳಗೆ ಕನ್ನಡವನ್ನು ಬರೆಯಿರೆಂದೆವು. ಹೆಮ್ಮೆಗೊಂದು, ತಿಳಿವಿಗೊಂದು ಇರಲಿ. "ಉಪಾಧ್ಯಾಯಿನಿಯರಿಗೆ ಈಗಲೇ ದಾಖಲೆ ಬರೆದು ಬರೆದು ಕೈ ಸೋತಿದೆ, ಇನ್ನೊಂದು ಹೊರೆಯೇಕೆ" ಎಂಬುದು ಎರಡನೆಯ ಆಕ್ಷೇಪ. ಇದು ನಿಜವಾದ ಕಷ್ಟ. ಆದರೆ ತಿಂಗಳಿಗೆ ಒಂದು ಹಾಳೆ ಬರೆಯುವುದರಿಂದ, ದಿನವೂ ಹತ್ತಾರು ಪೋಷಕರಿಗೆ ಫೋನಿನಲ್ಲಿ ಒಂದೇ ಮಾತನ್ನು ಹೇಳುವ ಹೊರೆಯು ತಗ್ಗುವುದು. "ನಮ್ಮ ಶಿಕ್ಷಕಿಯರಲ್ಲಿ ಕೆಲವರಿಗೆ ಕನ್ನಡ ಬರೆಯಲು ಬಾರದು" ಎಂಬುದು ಮೂರನೆಯದು. ಹಾಗಾದರೆ ಮಕ್ಕಳನ್ನು ಕೇಳಲಿ. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದಂತೆ 2017–18ರಿಂದ ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಮೊದಲನೆಯ ಅಥವಾ ಎರಡನೆಯ ಭಾಷೆಯಾಗಿ ಕಲಿಸತಕ್ಕದ್ದೆಂದಾಯಿತು. ನಾಲ್ಕನೆಯ ತರಗತಿಯ ಮಗುವು ಶಾಲೆಯ ಚೀಟಿಯನ್ನು ಅಜ್ಜಿಗೆ ಗಟ್ಟಿಯಾಗಿ ಓದಿ ಹೇಳಿದರೆ, ಕನ್ನಡ ಪಾಠದ ಪರೀಕ್ಷೆಯೂ ಅಲ್ಲಿಯೇ ಆಯಿತು. ಅಜ್ಜಿಗೆ ಓದು ಬಾರದೆಂಬ ತೊಡಕೂ ಅಲ್ಲಿಗೆ ಕಳೆಯಿತು. ಕನ್ನಡದಲ್ಲಿದ್ದುದನ್ನು ನೆರೆಮನೆಯ ಯಾರಾದರೂ ಓದಿ ಹೇಳಬಲ್ಲರು. ಇಂಗ್ಲಿಷಿಗೆ ಹೆದ್ದಾರಿಯ ತನಕ ಹುಡುಕಿಕೊಂಡು ಬರಬೇಕಾಗುವುದು.

ಪೋಷಕರಿಗೂ ಒಂದು ಮಾತನ್ನು ಹೇಳದೆ ಬಿಡುವುದು ಪಕ್ಷಪಾತವಾದೀತು. ಶಾಲೆಯು ಕರೆದ ಸಭೆಗೆ ಹೋಗದೆ, ಬಂದ ಚೀಟಿಯನ್ನು ಕೇಳಿ ತಿಳಿಯದೆ, ಅಂಕಪಟ್ಟಿಗೆ ರುಜು ಹಾಕಿ ಮರಳಿಸುವುದೇ ತಮ್ಮ ಕರ್ತವ್ಯದ ಕೊನೆಯೆಂದು ತಿಳಿದ ತಂದೆಗಳು ಬಹಳ ಮಂದಿ ಇದ್ದಾರೆ. ಕೇಳುವವರಿಲ್ಲದ ಕಡೆ ಹೇಳುವವರು ಸೊರಗುವರು. ದೂರದೂರಿನಲ್ಲಿರುವ ತಂದೆಯು ತನ್ನ ಸಂಖ್ಯೆಯ ಜೊತೆಗೆ ಮನೆಯಲ್ಲಿರುವವರ ಸಂಖ್ಯೆಯನ್ನೂ ಶಾಲೆಯಲ್ಲಿ ಬರೆಯಿಸಲಿ. ಓಮ್ನಿಯಲ್ಲಿ ಮಕ್ಕಳನ್ನು ತುರುಕಿದರೆ ತಿಂಗಳ ಬಾಡಿಗೆ ಕಡಮೆಯಾಗುವುದೆಂಬ ಲೆಕ್ಕವನ್ನು ಹಾಕುವವರೂ ನಾವೇ ಎಂಬುದನ್ನು ಮನಸ್ಸಿಗೆ ತಂದುಕೊಳ್ಳಲಿ.

ಕೊನೆಯದಾಗಿ, ನಾವು ಸೂಚಿಸುವ ಕ್ರಮವನ್ನು ಸಂಕ್ಷೇಪವಾಗಿ ಹೇಳಿ ಮುಗಿಸುವೆವು. ಪ್ರತಿ ಪ್ರಾಥಮಿಕ ಶಾಲೆಯಿಂದ ತಿಂಗಳಿಗೊಮ್ಮೆ ಕನ್ನಡದ ಒಂದು ಹಾಳೆಯು ಮಗುವಿನ ಚೀಲದಲ್ಲಿ ಮನೆಗೆ ಬರಲಿ. ಆ ತಿಂಗಳು ಪ್ರತಿ ತರಗತಿಯಲ್ಲಿ ಕಲಿಸಿದುದೇನು, ಮುಂದಿನ ತಿಂಗಳು ಕಲಿಸುವುದೇನು, ರಜೆಯ ಮತ್ತು ತುಂಬಿಸಬೇಕಾದ ಶನಿವಾರಗಳ ದಿನಾಂಕಗಳು, ಶುಲ್ಕದ ಒಟ್ಟು ಲೆಕ್ಕ, ಅನುದಾನಿತ ಶಾಲೆಯಾದರೆ ಅಕ್ಷರ ದಾಸೋಹದ ಲೆಕ್ಕ, ಬದಲಾದ ಉಪಾಧ್ಯಾಯರ ಮತ್ತು ವಾಹನ ಚಾಲಕರ ವಿವರ, ಇಷ್ಟು ಅದರಲ್ಲಿರಲಿ. ಅವಸರದ ಸುದ್ದಿಯನ್ನು ಮೊಬೈಲಿನಲ್ಲಿ ಎರಡು ಸಾಲು ಕನ್ನಡದಲ್ಲಿ ಬರೆದು, ಜೊತೆಗೆ ಶಿಕ್ಷಕಿಯ ಧ್ವನಿಯಲ್ಲಿಯೇ ಹೇಳಿ ಕಳುಹಿಸಲಿ, ಓದುಬಾರದವರಿಗೂ ಕಿವಿಯುಂಟು. ಒಂದು ಮಗುವಿನ ಗುಟ್ಟಿನ ಮಾತು ಎಲ್ಲರ ಗುಂಪಿನಲ್ಲಿ ಬೀಳದಿರಲಿ. ವರ್ಷಕ್ಕೆ ಮೂರು ಸಲವಾದರೂ ಪೋಷಕರ ಸಭೆಯು, ಕೂಲಿಗೆ ಹೋಗುವ ತಾಯಂದಿರು ಬರಬಹುದಾದ ಹೊತ್ತಿನಲ್ಲಿ ನಡೆಯಲಿ. ಕ್ಷೇತ್ರ ಶಿಕ್ಷಣಾಧಿಕಾರಿಗಳು ಇದನ್ನು ಮಾಡುವ ಶಾಲೆಯನ್ನು ಸಭೆಯಲ್ಲಿ ಹೆಸರಿಸಿ ಮೆಚ್ಚಲಿ. ಸಾರಿಗೆ ಅಧಿಕಾರಿಗಳು ಮಳೆಗಾಲಕ್ಕೆ ಮುಂಚೆ ಮಕ್ಕಳ ವಾಹನಗಳ ಪಟ್ಟಿಯನ್ನು ಶಾಲೆಯಿಂದ ತರಿಸಿ ನೋಡಲಿ. ಇದಕ್ಕೆ ಹೊಸ ಕಾಯಿದೆ ಬೇಡ. ಒಂದು ರೀಮು ಕಾಗದವೂ ಒಂದಿಷ್ಟು ಮನಸ್ಸೂ ಸಾಕು.

ಈ ಪದ್ಧತಿಯನ್ನು ಕಥೋಲಿಕ ಶಾಲೆಯೊಂದು ಮೊದಲು ಹಿಡಿದರೆ ಇತರ ಮಂಡಳಿಗಳ ಶಾಲೆಗಳೂ ಸರಕಾರದ ಶಾಲೆಗಳೂ ಹಿಂದೆ ಉಳಿಯಲಾರವು. ಹೆಣ್ಣುಮಕ್ಕಳ ವಿದ್ಯಾಭ್ಯಾಸದಲ್ಲಿ ನೂರೈವತ್ತು ವರ್ಷಗಳ ಹಿಂದೆ ಆದುದೂ ಹೀಗೆಯೇ. ಮುಂದಿನ ಮಳೆಗಾಲದಲ್ಲಿ ಹೆಮ್ಮಾಡಿಯ ಕವಲಿನಲ್ಲಿ ಆ ವೃದ್ಧೆಯನ್ನು ನಾವು ಮತ್ತೆ ಕಂಡರೆ, ಆಕೆಯು ಮೊಬೈಲನ್ನು ನಮ್ಮ ಮುಂದೆ ಹಿಡಿಯದೆ, ಮೊಮ್ಮಗನೇ ಓದಿ ಹೇಳಿದ ಸುದ್ದಿಯನ್ನು ನಮಗೆ ತಿಳಿಸುವಂತಾಗಲೆಂದು ಹಾರೈಸುತ್ತೇವೆ.